ಸಹಾಯ ಬೇಕು: ಚಳಿಯಲ್ಲಿ ಸಾಯುವ ಕಳೆ ಬಿಸಿಲಲ್ಲಿ ಸಾಯ್ತಿಲ್ಲ

ನಮಸ್ಕಾರ, ಸೋಮವಾರಪೇಟೆ ಕಡೆ ನಮ್ಮ ಕಾಫಿ ತೋಟ. ಹೊಸ ಗಿಡ ನೆಟ್ಟ, ನೆರಳಿಲ್ಲದ ಜಾಗದಲ್ಲಿ ಕೊನೈಜಾ ಕಳೆ ಸೊಂಟದೆತ್ತರ ನಿಂತಿದೆ. ಡಿಸೆಂಬರ್ ಚಳಿಯಲ್ಲಿ ಗ್ಲೈಫೋಸೇಟ್ ಕಳೆನಾಶಕ ಹೊಡೆದಾಗ ಬುಡಸಮೇತ ಒಣಗಿತ್ತು. ಕಾಫಿ ಹೂ ಅರಳಿಸೋ ಹೂಮಳೆ ಆದ್ಮೇಲೆ ಬಿಸಿಲಲ್ಲಿ ಅದೇ ಔಷಧಿ, ಅದೇ ಪ್ರಮಾಣ ಹೊಡೆದ್ರೆ ತುದಿ ಮಾತ್ರ ಹಳದಿಯಾಗಿ ಬುಡದಿಂದ ಮತ್ತೆ ಚಿಗುರು. ಎಳೇ ಕಳೆಗೇ ಹೊಡೆದು ನೋಡಿದೆ, ತಿಳಿ ನೀರು ಬಳಸಿದೆ, ನಾಜಲ್ ಬದಲಿಸಿದೆ. ಪ್ರಯೋಜನವಿಲ್ಲ.

ನಿರೋಧಕ ಶಕ್ತಿ ಬಂದ ಕೊನೈಜಾ ಈ ಔಷಧಿಯನ್ನು ಜೀವಕೋಶದ ರಸದಾನಿಯೊಳಗೆ (ರಸ ತುಂಬಿದ ಚೀಲ, ವ್ಯಾಕ್ಯೂಲ್) ಕೂಡಿಹಾಕಿ ಸಾಯದೆ ಉಳಿಯುತ್ತೆ, ಚಳಿಯಲ್ಲಿ ಆ ಕೆಲಸ ಕುಂದುತ್ತೆ ಅಂತ ಓದಿದೆ. ಆದರೆ ಬಿಸಿಲಿಗೆ ಬಾಡಿದ ಎಲೆ ಔಷಧಿ ಸರಿಯಾಗಿ ಹೀರಲ್ಲ ಅನ್ನೋದೂ ನಿಜ. ಪ್ರಮಾಣ ಏರಿಸೋಕೆ ಧೈರ್ಯವಿಲ್ಲ, ಪಕ್ಕದಲ್ಲೇ ಎಳೇ ಕಾಫಿ ಗಿಡಗಳಿವೆ.

ಇದು ನಿರೋಧಕ ಶಕ್ತಿಯೋ, ಬರೀ ಬಾಡಿದ ಎಲೆಯ ಸಮಸ್ಯೆಯೋ ಅಂತ ತೋಟದಲ್ಲೇ ಪತ್ತೆ ಹಚ್ಚೋದು ಹೇಗೆ?