ಗೋವಾ ಆಳಿದ ಪೋರ್ಚುಗೀಸ್ ರಾಜರ ಬೇರು: ಒಂದನೇ ಜುವಾಂವ್‌ಗೆ ಪಟ್ಟ ಸಿಕ್ಕಿದ್ದು ಹೇಗೆ?

ವಾಸ್ಕೋದ ಗದಗಿನವ

ಎಲ್ಲರಿಗೂ ನಮಸ್ಕಾರ. ನಾನು 14 ವರ್ಷದಿಂದ ವಾಸ್ಕೋದಲ್ಲಿದ್ದೇನೆ. ಹುಬ್ಬಳ್ಳಿ, ಬೆಳಗಾವಿ, ಬಾಗಲಕೋಟೆ ಕಡೆಯಿಂದ ಬರುವ ನಮ್ಮವರಿಗೆ ಓಲ್ಡ್ ಗೋವಾ ತೋರಿಸುವುದು ನನ್ನ ಕೆಲಸ.

ಹೋದ ಭಾನುವಾರ ಬೈಲಹೊಂಗಲದ ನಿವೃತ್ತ ಮಾಸ್ತರೊಬ್ಬರು ಬಂದಿದ್ದರು. ವೈಸರಾಯ್ ಕಮಾನಿನ ಹತ್ತಿರ ನಿಂತು ನಾನು ಯಾವಾಗಲೂ ಹೇಳುವುದನ್ನೇ ಹೇಳಿದೆ: ಮೇಲೆ ನಿಂತಿರುವವನು ವಾಸ್ಕೋ ಡ ಗಾಮ, ಕಮಾನು ಕಟ್ಟಿಸಿದ್ದು ಅವನ ಮರಿಮಗ ಫ್ರಾನ್ಸಿಸ್ಕೊ ಡ ಗಾಮ. ಮಾಸ್ತರು ಕನ್ನಡಕ ಒರೆಸಿಕೊಂಡು ಕೇಳಿದರು, "ಇವರ ವಂಶ ಗೊತ್ತಾಯಿತು ತಮ್ಮಾ. ಇವರನ್ನು ಕಳಿಸಿದ ರಾಜನ ವಂಶ ಯಾವುದು? ಅವನ ಅಪ್ಪನೂ ರಾಜನೇ ಏನು?"

1510ರ ನವೆಂಬರ್ 25ಕ್ಕೆ ಪೋರ್ಚುಗೀಸ್ ದಂಡನಾಯಕ ಅಲ್ಬುಕರ್ಕ್ ಗೋವಾ ಹಿಡಿದಾಗ ಪೋರ್ಚುಗಲ್‌ನಲ್ಲಿ ಮಾನುಯೆಲ್ ರಾಜ. ಅದೇ ವರ್ಷ ಇಲ್ಲಿ ಹೊಡೆಸಿದ ಚಿನ್ನದ ನಾಣ್ಯಕ್ಕೂ ಅವನದೇ ಹೆಸರು. ಹೊನ್ನಾವರದ ತಿಮ್ಮೋಜಿ ಅಲ್ಬುಕರ್ಕ್‌ಗೆ ಸಹಾಯ ಮಾಡಿದ್ದೂ ಗೊತ್ತು. ಆದರೆ ಮಾನುಯೆಲ್ ಅಪ್ಪ ಯಾರು ಅಂತ ನನ್ನ ಬಾಯಿಂದ ಬರಲಿಲ್ಲ. ಮಾಸ್ತರ ಫೋನ್ ನಂಬರ್ ತಗೊಂಡು, ಉತ್ತರ ಕಳಿಸುತ್ತೇನೆ ಅಂತ ಮಾತು ಕೊಟ್ಟಿದ್ದೇನೆ.

ಎರಡು ರಾತ್ರಿ ಕೂತು ಓದಿದೆ. ಮೇಲೆ ಹೋದ ಹಾಗೆ ಎಲ್ಲ ದಾರಿಯೂ ಒಂದನೇ ಜುವಾಂವ್ ಹತ್ತಿರ ಬಂದು ನಿಲ್ಲುತ್ತದೆ. (ಇಲ್ಲಿ ಜೂನ್ 24ಕ್ಕೆ ಬಾವಿಗೆ ಹಾರುವ ಸಾಂವ್ ಜುವಾಂವ್ ಹಬ್ಬ ಇದೆಯಲ್ಲ, ಅದೇ ಹೆಸರು.) ಇವನು ಪೆದ್ರು ರಾಜನಿಗೆ ಮದುವೆಯ ಹೊರಗೆ ಹುಟ್ಟಿದ ಮಗ. ಇವನಿಗಿಂತ ಮುಂಚೆ ಆಳಿದವನು ಅಣ್ಣ ಫರ್ನಾಂದು. ಆ ಫರ್ನಾಂದುಗೆ ಮಗಳಿದ್ದಳು, ಬದುಕಿದ್ದಳು. ಅವಳನ್ನು ಬಿಟ್ಟು ಇವನಿಗೆ ಹೇಗೆ ಪಟ್ಟ ಸಿಕ್ಕಿತು? ಗೊತ್ತಿದ್ದವರು ಬಿಡಿಸಿ ಹೇಳಿ.

ಮಡಗಾಂವ್ ಅಕ್ಕ

ತಮ್ಮಾ, ನಿಮ್ಮ ಪ್ರಶ್ನೆ ನೋಡಿ ಬಹಳ ಖುಷಿಯಾಯಿತು. ನನ್ನ ತವರು ಕಾರವಾರ. ಪೋರ್ಚುಗೀಸ್ ಕಲಿತು ಇಪ್ಪತ್ತು ವರ್ಷ ಆಯಿತು. ಈ ರಾಜನ ಕಥೆ ನನಗೆ ಬಹಳ ಇಷ್ಟ.

ಫರ್ನಾಂದು 1383ರ ಅಕ್ಟೋಬರ್‌ನಲ್ಲಿ ತೀರಿಕೊಂಡ. ಒಬ್ಬಳೇ ಮಗಳು ಬಿಯಾತ್ರಿಸ್, ಹತ್ತು ವರ್ಷದ ಹುಡುಗಿ. ಅದೇ ವರ್ಷ ಮೇ ತಿಂಗಳಲ್ಲಿ ಅವಳನ್ನು ಪಕ್ಕದ ಕ್ಯಾಸ್ಟೀಲ್ ರಾಜನಿಗೆ ಕೊಟ್ಟಿದ್ದರು. ಅವನ ಹೆಸರೂ ಜುವಾನ್, ಅದಕ್ಕೇ ಓದುವಾಗ ಗೊಂದಲ. ನಮ್ಮಲ್ಲಿ ಅಳಿಯ ರಾಮರಾಯ ಇದ್ದನಲ್ಲ, ಇಲ್ಲಿ ಅಳಿಯ ಅಂದರೆ ಪಕ್ಕದ ದೇಶದ ರಾಜನೇ! ಹುಡುಗಿ ರಾಣಿಯಾದರೆ ರಾಜ್ಯ ಅಳಿಯನ ಕೈಗೆ ಹೋಗುತ್ತದೆ ಅಂತ ಲಿಸ್ಬನ್ ಜನಕ್ಕೆ ಭಯ. ಹುಡುಗಿಯ ತಾಯಿ ಲಿಯೊನೊರ್ ಮಗಳ ಹೆಸರಲ್ಲಿ ರಾಜ್ಯ ನೋಡಿಕೊಳ್ಳುತ್ತಿದ್ದಳು. ಅವಳನ್ನು ಕಂಡರೆ ಊರಿಗೆ ಆಗುತ್ತಿರಲಿಲ್ಲ. ಡಿಸೆಂಬರ್ 6ಕ್ಕೆ ಜುವಾಂವ್ ಅರಮನೆಗೆ ಹೋಗಿ ಅವಳ ಆಪ್ತ ಆಂದೆಯ್ರುವನ್ನು ಕೊಂದ. ಆಮೇಲೆ ಲಿಸ್ಬನ್ ಇವನ ಬೆನ್ನಿಗೆ ನಿಂತಿತು.

ಜುವಾಂವ್ ಆಗ ರಾಜನಲ್ಲ, ಅವಿಸ್ ಎಂಬ ಸೈನಿಕ ಸನ್ಯಾಸಿಗಳ ಸಂಘದ ಮುಖ್ಯಸ್ಥ. ತಾಯಿ ತೆರೆಸಾ ಲೊರೆನ್ಸು. ಚಿಕ್ಕ ಹುಡುಗನಾಗಿದ್ದಾಗಲೇ ಆ ಪದವಿ ಕೊಟ್ಟಿದ್ದರು. ಮದುವೆಯ ಹೊರಗೆ ಹುಟ್ಟಿದ ಮಗನಿಗೆ ಒಂದು ಗೌರವದ ಜಾಗ ಅಂತ.

1384ರಲ್ಲಿ ಕ್ಯಾಸ್ಟೀಲ್ ಸೈನ್ಯ ಲಿಸ್ಬನ್‌ಗೆ ಮುತ್ತಿಗೆ ಹಾಕಿತು. ಊರಲ್ಲಿ ಹಸಿವು, ಹೊರಗೆ ಪ್ಲೇಗ್. ಪ್ಲೇಗೇ ಮೊದಲು ಗೆದ್ದಿತು. ಮುತ್ತಿಗೆ ಎತ್ತಿಕೊಂಡು ಹೋದರು.

ಮಾಸ್ತರಿಗೆ ಹೇಳಬೇಕಾದ್ದು ಇನ್ನು ಮುಂದಿನದು. 1385ರಲ್ಲಿ ಕೊಯಿಂಬ್ರಾದಲ್ಲಿ ದೊರೆಗಳು, ಪಾದ್ರಿಗಳು, ಊರುಗಳ ಪ್ರತಿನಿಧಿಗಳು ಸಭೆ ಸೇರಿದರು. ಜುವಾಂವ್ ದಾಸ್ ರೆಗ್ರಾಸ್ ಎಂಬ ಕಾನೂನು ಪಂಡಿತ ಎದ್ದು ಒಬ್ಬೊಬ್ಬರ ಹಕ್ಕನ್ನೂ ಬಿಡಿಸಿ ನೋಡಿದ. ಬಿಯಾತ್ರಿಸ್‌ಗೆ ಹಕ್ಕಿಲ್ಲ, ಅವಳ ತಾಯಿಗೆ ಮೊದಲೇ ಒಬ್ಬ ಗಂಡ ಇದ್ದ, ಆ ಮದುವೆಯೇ ಅನುಮಾನ ಅಂದ. ಕ್ಯಾಸ್ಟೀಲ್ ರಾಜ ಮದುವೆ ಹೊತ್ತಿನ ಒಪ್ಪಂದ ಮುರಿದು ದಂಡೆತ್ತಿ ಬಂದವನು, ಅವಿಗ್ನಾನ್‌ನ ಪೋಪ್ ಕಡೆಯವನು ಅಂದ (ಆಗ ರೋಮ್‌ನಲ್ಲೊಬ್ಬ, ಅವಿಗ್ನಾನ್‌ನಲ್ಲೊಬ್ಬ, ಇಬ್ಬರು ಪೋಪ್). ಪೆದ್ರುಗೆ ಇನೇಸ್ ದ ಕಾಸ್ತ್ರು ಅನ್ನುವವಳಲ್ಲಿ ಹುಟ್ಟಿದ ಇಬ್ಬರು ಗಂಡುಮಕ್ಕಳೂ ಇದ್ದರು. ಪೆದ್ರುವಿನ ಅಪ್ಪನೇ 1355ರಲ್ಲಿ ಇನೇಸಳನ್ನು ಕೊಲ್ಲಿಸಿದ್ದ. ಗುಟ್ಟಾಗಿ ಮದುವೆಯಾಗಿದ್ದೆ ಅಂತ ಪೆದ್ರು ಆಮೇಲೆ ಹೇಳಿದನಲ್ಲ, ಅದಕ್ಕೆ ಪುರಾವೆ ಇಲ್ಲ ಅಂದ ಪಂಡಿತ. ಕೊನೆಗೆ ಅವನ ಮಾತು: ಸಿಂಹಾಸನ ಖಾಲಿ ಇದೆ. ಖಾಲಿ ಇದ್ದರೆ ಸಭೆಯೇ ಆರಿಸಬಹುದು. ಏಪ್ರಿಲ್ 6ಕ್ಕೆ ಜುವಾಂವ್ ರಾಜನಾದ, ವಯಸ್ಸು 28 ತುಂಬುತ್ತಿತ್ತು.

ಆಗಸ್ಟ್ 14ಕ್ಕೆ ಆಲ್ಜುಬರೋಟದಲ್ಲಿ ಯುದ್ಧ. ದಂಡನಾಯಕ ನೂನು ಆಲ್ವರೆಸ್ ಪೆರೆಯ್ರಾ. ತಮಗಿಂತ ಬಹಳ ದೊಡ್ಡ ಸೈನ್ಯವನ್ನು ಒಂದೇ ಸಂಜೆಯಲ್ಲಿ ಸೋಲಿಸಿದರು. ಮುಂದೆ ಜುವಾಂವ್ 1433ರವರೆಗೆ, 48 ವರ್ಷ ಆಳಿದ. ತೀರಿಕೊಂಡದ್ದೂ ಆಗಸ್ಟ್ 14ಕ್ಕೇ.

ಪೊಂಡಾ ಹುಡುಗ

ಅಕ್ಕ ಹೇಳಿದ್ದು ಸರಿ. ಆದರೆ "ಸಭೆ ಆರಿಸಿತು" ಅಂದ ತಕ್ಷಣ ಈಗಿನ ಚುನಾವಣೆ ಅಂದುಕೊಳ್ಳಬಾರದು. ಸಭೆಯಲ್ಲಿ ಇನೇಸ್ ಮಕ್ಕಳ ಕಡೆಯವರೂ ಇದ್ದರು, ವಾದ ಸುಲಭಕ್ಕೆ ಮುಗಿಯಲಿಲ್ಲ. ಆ ಮಕ್ಕಳಲ್ಲಿ ದೊಡ್ಡವನು ಆಗ ಕ್ಯಾಸ್ಟೀಲ್‌ನಲ್ಲಿ ಸೆರೆಯಲ್ಲಿದ್ದ. ನೂನು ಆಲ್ವರೆಸ್ ಕತ್ತಿ ಹಿಡಿದು ಜುವಾಂವ್ ಪಕ್ಕದಲ್ಲಿದ್ದ. ಎದುರಿಗೆ ಇದ್ದವನಿಗೇ ಪಟ್ಟ ಸಿಕ್ಕಿತು, ಅಲ್ವಾ?

ನಮ್ಮ ಕೃಷ್ಣದೇವರಾಯನನ್ನೂ ನೆನೆಸಿಕೊಳ್ಳಿ. ವೀರನರಸಿಂಹನಿಗೂ ಅವನಿಗೂ ಅಪ್ಪ ಒಬ್ಬನೇ, ತಾಯಂದಿರು ಬೇರೆ. 1509ರಲ್ಲಿ ಅವನಿಗೆ ಪಟ್ಟ. ಮರುವರ್ಷವೇ ಗೋವಾ ಪೋರ್ಚುಗೀಸರ ಕೈಗೆ ಹೋಯಿತು.

ವಾಸ್ಕೋದ ಗದಗಿನವ

ಅಕ್ಕಾ, ಮೂರು ಸಲ ಓದಿದೆ. ಈಗ ಇನ್ನೊಂದು ಅನುಮಾನ ಹುಟ್ಟಿದೆ. ಮಾನುಯೆಲ್‌ಗಿಂತ ಮುಂಚೆ ಆಳಿದ ಎರಡನೇ ಜುವಾಂವ್‌ಗೂ ಮದುವೆಯ ಹೊರಗೆ ಹುಟ್ಟಿದ ಮಗ ಇದ್ದ, ಜೋರ್ಜ್ ಅಂತ. ಒಂದನೇ ಜುವಾಂವ್‌ಗೆ ಸಿಕ್ಕಿದ್ದು ಜೋರ್ಜ್‌ಗೆ ಯಾಕೆ ಸಿಗಲಿಲ್ಲ?

ಮಡಗಾಂವ್ ಅಕ್ಕ

ಇದನ್ನು ಕೇಳಿದ್ದಕ್ಕೆ ನಿಮಗೆ ಒಂದು ಬಟ್ಟಲು ಸೋಲ್ ಕಡಿ ಕುಡಿಸಬೇಕು. ಹಾಗೆಯೇ ಪೊಂಡಾದ ತಮ್ಮ ಹೇಳಿದ ಮಾತನ್ನು ಒಪ್ಪುತ್ತೇನೆ, ಇಲ್ಲಿಗೂ ಅದೇ ಉತ್ತರ. ಹುಟ್ಟು ಒಂದೇ ನೋಡಿದರೆ ಸಾಲದು, ಎದುರಿಗೆ ಯಾರಿದ್ದಾರೆ ಅಂತ ನೋಡಬೇಕು. 1385ರಲ್ಲಿ ಎದುರಿಗೆ ಪರದೇಶದ ಅಳಿಯ. 1495ರಲ್ಲಿ ಎದುರಿಗೆ ಮಾನುಯೆಲ್, ಮನೆಯವನೇ. ಎರಡನೇ ಜುವಾಂವ್‌ನ ಸರಿಯಾದ ಮಗ ಅಫೊನ್ಸು 1491ರಲ್ಲಿ ಕುದುರೆಯಿಂದ ಬಿದ್ದು ಸತ್ತ. ರಾಜನಿಗೆ ಜೋರ್ಜ್‌ನನ್ನೇ ಕೂರಿಸುವ ಆಸೆ. ಅವನ ರಾಣಿ ಲಿಯೊನೊರ್ (ಹಿಂದೆ ಹೇಳಿದ ಲಿಯೊನೊರ್ ಬೇರೆ) ಒಪ್ಪಲಿಲ್ಲ. ಅವಳು ಮಾನುಯೆಲ್‌ನ ಅಕ್ಕ! ಇದೇ ರಾಜ 1484ರಲ್ಲಿ ಅವಳ ಇನ್ನೊಬ್ಬ ಸಹೋದರ ದಿಯೊಗುವನ್ನು, ಪಿತೂರಿ ಮಾಡಿದ ಅಂತ, ಕೈಯಾರೆ ಇರಿದು ಕೊಂದಿದ್ದ. ಆ ಹೆಂಗಸಿನ ಸಂಕಟ ನೆನೆದರೆ ಈಗಲೂ ಹೊಟ್ಟೆ ಚುರುಕ್ ಅನ್ನುತ್ತದೆ. ಕೊನೆಗೆ ರಾಜ ಉಯಿಲಿನಲ್ಲಿ ಮಾನುಯೆಲ್ ಹೆಸರು ಬರೆದ.

ಮಾಸ್ತರ ಪ್ರಶ್ನೆಗೆ ಉತ್ತರ: ಇಲ್ಲ, ಮಾನುಯೆಲ್ ಅಪ್ಪ ರಾಜನಲ್ಲ. ಒಂದನೇ ಜುವಾಂವ್‌ನ ಮಗ ದುವಾರ್ತೆ ರಾಜ. ದುವಾರ್ತೆಯ ಮಗ ಫರ್ನಾಂದು (ಹಿಂದಿನ ರಾಜ ಫರ್ನಾಂದು ಬೇರೆ) ವಿಜೆಯುವಿನ ಡ್ಯೂಕ್. ಅವನ ಮಗ ಮಾನುಯೆಲ್.

ಒಂದು ಮಾತು ಹೇಳದೆ ಇರಲಾರೆ. 2018ರಲ್ಲಿ ಮಗನ ಹತ್ತಿರ ಹೋಗಿದ್ದಾಗ ಪೋರ್ಚುಗಲ್‌ನ ಬತಾಲ್ಯಾ ಮಠಕ್ಕೆ ಹೋಗಿದ್ದೆ. ಯುದ್ಧ ಗೆದ್ದ ಹರಕೆಗೆ ಜುವಾಂವ್ ಕಟ್ಟಿಸಿದ್ದು. ಒಳಗೆ ಒಂದು ಕೋಣೆಯ ನಡುಮಧ್ಯದಲ್ಲಿ ಅವನೂ ಹೆಂಡತಿ ಫಿಲಿಪಾಳೂ ಒಂದೇ ಸಮಾಧಿಯ ಮೇಲೆ ಮಲಗಿದ್ದಾರೆ. ಕಲ್ಲಿನ ಬಲಗೈಗಳು ಒಂದನ್ನೊಂದು ಹಿಡಿದಿವೆ. ಸುಮ್ನೆ ಮೇಲಿಟ್ಟ ಹಾಗಿಲ್ಲ, ಹಿಡಿದೇ ಇವೆ. ಅವಳು ಇಂಗ್ಲೆಂಡಿನ ಲ್ಯಾಂಕಾಸ್ಟರ್ ಮನೆತನದವಳು, 1387ರಲ್ಲಿ ಪೋರ್ತೊದಲ್ಲಿ ಮದುವೆ. 1415ರಲ್ಲಿ ಮಕ್ಕಳು ಉತ್ತರ ಆಫ್ರಿಕಾದ ಸೆಯುಟಾ ಹಿಡಿಯಲು ಹೊರಡುವ ಹೊತ್ತಿಗೆ ಪ್ಲೇಗ್‌ನಲ್ಲಿ ಹೋದಳು. ಆ ಕೋಣೆಯ ಗೋಡೆಯುದ್ದಕ್ಕೂ ಪೆದ್ರು, ಹೆನ್ರಿಕ್, ಜುವಾಂವ್, ಫರ್ನಾಂದು, ನಾಲ್ಕು ಮಕ್ಕಳ ಸಮಾಧಿ. ಹಡಗುಗಳನ್ನು ಆಫ್ರಿಕಾ ದಂಡೆ ಹಿಡಿದು ಕೆಳಗೆ ಕಳಿಸುತ್ತಿದ್ದವನು ಆ ಹೆನ್ರಿಕ್‌ನೇ. ನಾನು ಅಲ್ಲಿ ಬಹಳ ಹೊತ್ತು ನಿಂತಿದ್ದೆ.

ವಾಸ್ಕೋದ ಗದಗಿನವ

ಹಳೆ ಕ್ಯಾಲೆಂಡರಿನ ಹಿಂದೆ ಮರ ಬರೆದೆ. ಮೇಲೆ ಜುವಾಂವ್, ಫಿಲಿಪಾ. ಕೆಳಗೆ ದುವಾರ್ತೆ, ಫರ್ನಾಂದು, ಮಾನುಯೆಲ್. 1580ರಲ್ಲಿ ಸ್ಪೇನಿನ ಫಿಲಿಪ್ ಪೋರ್ಚುಗಲ್‌ಗೂ ರಾಜನಾಗಿ ಬಂದನಲ್ಲ, ಅವನ ತಾಯಿ ಮಾನುಯೆಲ್ ಮಗಳು, ಅದನ್ನೂ ಸೇರಿಸಿದೆ. 1640ರ ನಂತರದ ಬ್ರಗಾಂಸಾ ರಾಜರು ಜುವಾಂವ್‌ಗೆ ಮದುವೆಯ ಹೊರಗೆ ಹುಟ್ಟಿದ ಮಗ ಅಫೊನ್ಸುವಿನ ಕವಲು. ಅಂದರೆ 1910ರಲ್ಲಿ ಅಲ್ಲಿ ರಾಜರೇ ಹೋಗುವವರೆಗೆ ಗೋವಾದ ಮೇಲೆ ಹೆಸರಿದ್ದ ಅಷ್ಟೂ ರಾಜರು ಇವನ ಸಂತಾನ. ಸರಿ ಇದೆಯಾ ಅಕ್ಕಾ?

ಮಡಗಾಂವ್ ಅಕ್ಕ

ಸರಿ ಇದೆ, ಆದರೆ ಎರಡು ಗೆರೆ ಬಿಟ್ಟಿದ್ದೀರಿ. ಮಾನುಯೆಲ್ ತಾಯಿಯ ಕಡೆಯೂ ನೋಡಿ. ಅವಳೂ ಬಿಯಾತ್ರಿಸ್, ಗೋಡೆ ಪಕ್ಕ ಮಲಗಿರುವ ಆ ಮಗ ಜುವಾಂವ್‌ನ ಮಗಳು. ಅವನು ಮದುವೆಯಾದದ್ದು ಇಸಬೆಲ್‌ಳನ್ನು, ನೀವು ಈಗ ಬರೆದ ಅಫೊನ್ಸುವಿನ ಮಗಳು, ಅಂದರೆ ತಾಯಿ ಬೇರೆಯಾದ ಅಣ್ಣನ ಮಗಳು! ಆ ಇಸಬೆಲ್‌ಳ ತಾಯಿ ನೂನು ಆಲ್ವರೆಸ್‌ನ ಮಗಳು. ಫರ್ನಾಂದು ಬಿಯಾತ್ರಿಸ್‌ಳನ್ನು ಮದುವೆಯಾದದ್ದೂ ಹಾಗೆಯೇ, ನಮ್ಮ ಲೆಕ್ಕದಲ್ಲಿ ಚಿಕ್ಕಪ್ಪನ ಮಗಳು, ಅಕ್ಕನಾಗಬೇಕು. ಅಲ್ಲಿ ಪೋಪ್ ಅಪ್ಪಣೆ ಕೊಟ್ಟರೆ ನಡೆಯುತ್ತಿತ್ತು. ಹಾಗಾಗಿ ಜುವಾಂವ್‌ನಿಂದ ಮಾನುಯೆಲ್‌ವರೆಗೆ ಮೂರು ಗೆರೆ ಇಳಿಯಬೇಕು, ಒಂದಲ್ಲ. ಕೆಂಪು ಪೆನ್ನಿನಲ್ಲಿ ಎಳೆಯಿರಿ.

ವಾಸ್ಕೋದ ಗದಗಿನವ

ಎಳೆದೆ ಅಕ್ಕಾ. ಫೋಟೋ ತೆಗೆದು ಮಾಸ್ತರಿಗೆ ಈಗಲೇ ಕಳಿಸುತ್ತಿದ್ದೇನೆ.