ತಾಲೂಕು ಮಾನಸಿಕ ಆರೋಗ್ಯ ಕ್ಲಿನಿಕ್ಕಿನ ದಕ್ಷತೆ: ಯಾವ ಲೆಕ್ಕ ಸರಿ?

ಪ್ರಶ್ನೆ: ಮನೋಚೈತನ್ಯದ (ತಾಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಚಿಕಿತ್ಸೆ ಕೊಡುವ ಕರ್ನಾಟಕ ಸರ್ಕಾರದ ಕಾರ್ಯಕ್ರಮ) ಮಂಗಳವಾರದ ಕ್ಲಿನಿಕ್ಕುಗಳ ದಕ್ಷತೆ ಅಳೆಯಲು ಒಟ್ಟು ವೆಚ್ಚವನ್ನು ಒಪಿಡಿ (ಹೊರರೋಗಿ) ಸಂಖ್ಯೆಯಿಂದ ಭಾಗಿಸಿದರೆ ಸಾಕೇ?

ಉತ್ತರ 1: ಸಾಲದು ಸರ್. ಒಪಿಡಿ ಎಣಿಸೋದು ಭೇಟಿಗಳನ್ನ, ಮನುಷ್ಯರನ್ನಲ್ಲ. ತಿಂಗಳ ಮಾತ್ರೆ ಬದಲು 15 ದಿನದ್ದು ಕೊಟ್ಟರೆ ಭೇಟಿ ದುಪ್ಪಟ್ಟಾಗಿ ತಲಾ ವೆಚ್ಚ ಅರ್ಧಕ್ಕಿಳಿದಂತೆ ಕಾಣುತ್ತೆ. ರೋಗಿಗೆ ಮಾತ್ರ ಬಸ್ ಚಾರ್ಜೂ ಎರಡು ಸಲ, ಕೂಲಿ ನಷ್ಟವೂ ಎರಡು ಸಲ. ಬದಲಿಗೆ ರಿಜಿಸ್ಟರಿನ ಪ್ರತಿ ರೋಗಿಗೂ ಮಾತ್ರೆ ಕೈಲಿದ್ದ ದಿನಗಳನ್ನ ಕೂಡಿಸಿ, 30ರಿಂದ ಭಾಗಿಸಿ. ಬಂದ 'ಚಿಕಿತ್ಸಾ ತಿಂಗಳು'ಗಳಿಂದ ಸಂಬಳ, ಔಷಧಿ, ವಾಹನದ ವೆಚ್ಚ ಭಾಗಿಸಿ. ಮೊದಲು ರಿಜಿಸ್ಟರ್ ಶುದ್ಧ ಮಾಡಿ: ಒಬ್ಬರೇ ರೋಗಿ 'ಮಂಜುಳ', 'ಮಂಜುಳಾ' ಅಂತ ಇಬ್ಬರಾಗಿ ಕೂತಿರ್ತಾರೆ.

ಉತ್ತರ 2: ರೋಗಿಗಳ ಸುಧಾರಣೆ ಅಳೆಯೋಕೆ ಐಡಿಯಾಸ್ (IDEAS, ಮಾನಸಿಕ ಕಾಯಿಲೆಯಿಂದಾದ ಅಂಗವೈಕಲ್ಯ ಅಳೆಯುವ) ಮಾಪಕ ಬಳಸೋದಾದ್ರೆ ಒಟ್ಟು 20 ಅಂಕ ಹೋಲಿಸಬೇಡಿ. ಅದರಲ್ಲಿ 4 ಅಂಕದವರೆಗೆ ಕಾಯಿಲೆ ಎಷ್ಟು ವರ್ಷದ್ದು ಅನ್ನೋದಕ್ಕೆ. ರೋಗಿ ಹುಷಾರಾದ್ರೂ ಅದು ಇಳಿಯಲ್ಲ. ಸ್ವಂತ ಆರೈಕೆ, ಒಡನಾಟ, ಮಾತು-ಗ್ರಹಿಕೆ, ಕೆಲಸ, ಈ ನಾಲ್ಕರ 16 ಅಂಕವಷ್ಟೇ ನೋಡಿ.

ಪ್ರಶ್ನೆ ಕೇಳಿದವರು: ಮಧ್ಯೆ ಚಿಕಿತ್ಸೆ ಬಿಟ್ಟವರನ್ನ ಲೆಕ್ಕದಿಂದ ತೆಗೆಯಬಹುದೇ?

ಉತ್ತರ 2: ತೆಗೆಯಲೇಬೇಡಿ. ಕಷ್ಟದಲ್ಲಿರೋರೇ ಮೊದಲು ಬಿಡೋದು. ಅವರನ್ನ ಕೈಬಿಟ್ಟರೆ ಉಳಿದವರ ಸರಾಸರಿ ಸುಳ್ಳು ಹೇಳುತ್ತೆ. ಆಶಾ ಕಾರ್ಯಕರ್ತೆಯರಿಂದ ಬಿಟ್ಟವರ ಊರುವಾರು ಪಟ್ಟಿ ತರಿಸಿ. ಔಷಧಿ ಸ್ಟಾಕ್ ಖಾಲಿಯಾಗಿದ್ದ ವಾರಗಳನ್ನೂ ಪಕ್ಕದಲ್ಲೇ ಬರೆಯಿರಿ, ಬಿಟ್ಟಿದ್ದಕ್ಕೆ ಅರ್ಧ ಕಾರಣ ಅಲ್ಲೇ ಸಿಗಬಹುದು.