ಕಾಫಿ ಕೊಯ್ಲಿನ ದಿನಗಳಲ್ಲಿ ತಪ್ಪುವ ಮಾತ್ರೆ

ಪ್ರಶ್ನೆ (ಸೋಮವಾರಪೇಟೆ): ಕಾಫಿ ಕೊಯ್ಲಿನಲ್ಲಿ ಕೊಯ್ದ ಹಣ್ಣಿನ ತೂಕಕ್ಕೆ ತಕ್ಕಂತೆ ಕೂಲಿ ಸಿಗುವುದರಿಂದ, ಸಕ್ಕರೆ ಕಾಯಿಲೆಯಿರುವ ನನ್ನ ತಾಯಿಯವರು ಮಧ್ಯಾಹ್ನದ ಊಟವನ್ನೂ ಮಾತ್ರೆಯನ್ನೂ ಬಿಟ್ಟುಬಿಡುತ್ತಾರೆ. ಅವರಿಗೆ ಹೇಗೆ ತಿಳಿಹೇಳಲಿ?

ಉತ್ತರ (ವಿರಾಜಪೇಟೆ): ಸಕ್ಕರೆ ಇಳಿಸುವ ಗ್ಲಿಮೆಪಿರೈಡ್‌ನಂತಹ ಮಾತ್ರೆಯನ್ನು ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು, ಆದ್ದರಿಂದ ಮೊದಲು ಊಟದ ಹೊತ್ತು ಸರಿಯಾಗಬೇಕು. ತಾಯಿಯವರ ಕೆಲಸದ ವೇಳೆಯನ್ನು ವೈದ್ಯರಿಗೆ ವಿವರಿಸಿ, ಬೆಳಿಗ್ಗೆ ಮತ್ತು ರಾತ್ರಿ ಮಾತ್ರ ತೆಗೆದುಕೊಳ್ಳುವ ಮದ್ದು ಸಾಧ್ಯವೇ ಎಂದು ಕೇಳಿ. ಕೆಲಸದ ವೇಳೆಯನ್ನು ವೈದ್ಯರಿಗೆ ಹೇಳಲು ನಾವೆಲ್ಲರೂ ಮರೆಯುತ್ತೇವೆ.

ಉತ್ತರ (ಮಡಿಕೇರಿ): ತಾಯಿಯವರನ್ನು ಗದರಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2003ರ ವರದಿಯಂತೆ, ಅಭಿವೃದ್ಧಿ ಹೊಂದಿದ ದೇಶಗಳಲ್ಲಿಯೂ ದೀರ್ಘಕಾಲದ ಕಾಯಿಲೆಗಳ ಚಿಕಿತ್ಸೆಯನ್ನು ಪಾಲಿಸುವವರ ಪ್ರಮಾಣ ಸರಾಸರಿ ಶೇ. 50 ಮಾತ್ರ. ನನ್ನ ರಕ್ತದೊತ್ತಡದ ಮಾತ್ರೆಯೂ ತಪ್ಪುತ್ತಿತ್ತು. ತೋಟದ ಮೇಸ್ತ್ರಿಯವರೊಡನೆ ಮಾತನಾಡಿ ಊಟಕ್ಕೆ ಅರ್ಧ ಗಂಟೆ ಪಡೆದ ಮೇಲೆ ಮಾತ್ರೆ ತಪ್ಪಿಲ್ಲ.